ಮೊದಲರ್ಧ ಮಾತ್ರ ನೋಡಿದ ಮನುಷ್ಯ

ಸೋಪಿನ ಜಾಹೀರಾತು ಬಂದ ಕೂಡಲೇ ಆ ಮನುಷ್ಯ ಎದ್ದು ನಿಲ್ಲುತ್ತಿದ್ದ. ಮೊದಲು ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಳ್ಳುವುದು, ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು, ಕೊನೆಗೆ ಕತ್ತು ತಗ್ಗಿಸುವುದು. ಒಂದು ಗಳಿಗೆ ಹಾಗೇ ನಿಂತು, ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಟೀವಿಯಲ್ಲಿ ಒಂದು ಹೆಣ ಬಿದ್ದಿರುತ್ತಿತ್ತು, ಐದಾರು ಜನ ಅನುಮಾನಿತರು ಸಾಲಾಗಿ ಕೂತಿರುತ್ತಿದ್ದರು, ಪತ್ತೇದಾರ ಇನ್ನೇನು ಬಾಯಿ ತೆರೆಯುವುದರಲ್ಲಿರುತ್ತಿದ್ದ. ಅಂಥ ಹೊತ್ತಿನಲ್ಲಿ ಎದ್ದು ಹೋಗುವವರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆ ಮನುಷ್ಯ ನನ್ನ ಅಪ್ಪ ಎಂದು ಅಮ್ಮ ಹೇಳಿದ್ದಳು. ನಾನು ನಂಬಿರಲಿಲ್ಲ.

ನಂಬದಿರುವುದಕ್ಕೆ ನನ್ನ ಬಳಿ ಕಾರಣಗಳಿದ್ದವು. ಆದರೆ ಅವನ್ನು ಹೇಳುವ ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ಆಗ ನಾನು ಹೈಸ್ಕೂಲಿನಲ್ಲಿದ್ದೆ, ಬೆಳಗಿನ ಪಾಳಿ, ಮಧ್ಯಾಹ್ನಕ್ಕೆಲ್ಲ ಮನೆ ಸೇರುತ್ತಿದ್ದೆ. ಪಾಠದ ಪುಸ್ತಕ ತಲೆಗೆ ಹತ್ತುತ್ತಿರಲಿಲ್ಲ, ಧಾರಾವಾಹಿಗಳು ಮಾತ್ರ ಒಂದು ಮಾತೂ ಬಿಡದೆ ನೆನಪಿರುತ್ತಿದ್ದವು. ನೋಡುತ್ತಿದ್ದವು ಹಲವು, ಪ್ರಾಣವಾಗಿದ್ದವು ಎರಡೇ. ಒಂದು, ವಾರದ ದಿನಗಳಲ್ಲಿ ಮಧ್ಯಾಹ್ನ ಬರುತ್ತಿದ್ದ ‘ತೂಗುಮಂಚದ ಮನೆ’. ಅದರಲ್ಲಿ ಭಾಗೀರಥಮ್ಮ ಎಂಬ ಅತ್ತೆ ತೂಗುಮಂಚದ ಮೇಲೆ ಕೂತು ಇಡೀ ಸಂಸಾರವನ್ನು ಆಳುತ್ತಿದ್ದಳು. ಮಂಚ ತೂಗುವುದು ನಿಂತಿತೆಂದರೆ ಯಾವಳೋ ಒಬ್ಬ ಸೊಸೆಗೆ ಗ್ರಹಚಾರ ಕಾದಿದೆಯೆಂದು ಅರ್ಥ. ಇನ್ನೊಂದು, ಭಾನುವಾರ ಸಂಜೆಯ ‘ಬೆರಳಚ್ಚು’. ಅದರ ಪತ್ತೇದಾರ ಜಯತೀರ್ಥ ಕಡಲೆಕಾಯಿ ಸುಲಿಯುತ್ತ ಯೋಚಿಸುತ್ತಿದ್ದ. ಜೇಬು ತುಂಬ ಕಾಯಿ ತುಂಬಿಕೊಂಡು ಬಂದು, ಒಂದೊಂದೇ ಸುಲಿದು ತಿನ್ನುತ್ತ, ಎಲ್ಲರನ್ನೂ ಪ್ರಶ್ನೆ ಕೇಳಿ, ಕಡೆಗೆ ಉಳಿದ ಒಂದೇ ಒಂದು ಕಾಯಿಯನ್ನು ಕೊಲೆಗಾರನ ಅಂಗೈಯಲ್ಲಿಡುತ್ತಿದ್ದ. ಮಾತಿಲ್ಲ, ಬೈಗುಳವಿಲ್ಲ. ಕಾಯಿ ಯಾರ ಕೈಗೆ ಬಿತ್ತೋ ಅವನೇ ಅಪರಾಧಿ. ಆ ದೃಶ್ಯಕ್ಕಾಗಿ ನಾನೂ ನನ್ನ ಗೆಳತಿ ಫರ್ಜಾನಳೂ ವಾರವಿಡೀ ಕಾಯುತ್ತಿದ್ದೆವು.

ಫರ್ಜಾನ ನಮ್ಮ ಬೀದಿಯ ಹುಡುಗಿ, ನನಗಿಂತ ದೊಡ್ಡ ಹುಚ್ಚಿ. ಶಾಲೆಗೆ ಹೋಗಿಬರುವ ದಾರಿಯಲ್ಲಿ ನಾವಿಬ್ಬರೂ ಒಂದು ಆಟ ಆಡುತ್ತಿದ್ದೆವು. ಒಂದು ಧಾರಾವಾಹಿಯ ಜನರನ್ನು ಎತ್ತಿ ಇನ್ನೊಂದು ಧಾರಾವಾಹಿಯೊಳಗೆ ಬಿಡುವುದು, ಆಮೇಲೆ ಏನಾಗುತ್ತದೆಂದು ನೋಡುವುದು. ಅದಕ್ಕೆ ನಾವು ಚಿತ್ರಾನ್ನ ಎಂದು ಹೆಸರಿಟ್ಟಿದ್ದೆವು. ಬೆಳಿಗ್ಗೆ ಸಿಕ್ಕ ಕೂಡಲೇ ಅವಳ ಮೊದಲ ಮಾತು, “ಇವತ್ತೇನೇ ಚಿತ್ರಾನ್ನ?”

ಸುಮ್ಮನೆ ಕಲಸಿದರೆ ಚಿತ್ರಾನ್ನ ಆಗುವುದಿಲ್ಲ, ಅದಕ್ಕೂ ಒಂದು ಹದವಿದೆ ಎಂದು ನಾವು ವಾದಿಸುತ್ತಿದ್ದೆವು. ಜಯತೀರ್ಥ ತೂಗುಮಂಚದ ಮನೆಗೆ ಬಂದರೆ ಯಾರ ಕಾನೂನು ನಡೆಯಬೇಕು? ಅವನ ಲೋಕದಲ್ಲಿ ಎಂಥ ಕೊಲೆಯಾದರೂ ಒಂದು ಗಂಟೆಯೊಳಗೆ ಬಗೆಹರಿಯಬೇಕು. ಭಾಗೀರಥಮ್ಮನ ಮನೆಯಲ್ಲೋ, ಸೋಮವಾರ ಎತ್ತಿದ ಹಾಲಿನ ಲೋಟ ತುಟಿಗೆ ತಾಗುವಾಗ ಗುರುವಾರ. ಅಲ್ಲಿಗೆ ಬಂದರೆ ಅವನ ಜೇಬಿನ ಕಾಯಿ ಮೊದಲ ದಿನವೇ ಮುಗಿದುಹೋಗುತ್ತದೆ ಎಂದು ನಾನು. “ಮೂಟೆ ತರ್ತಾನೆ ಬಿಡೇ, ಅಷ್ಟೂ ತಿಳಿಯಲ್ವಾ ಅವನಿಗೆ?” ಎಂದು ಫರ್ಜಾನ. ಒಬ್ಬರ ಮನೆಗೆ ಹೋದಮೇಲೆ ಆ ಮನೆಯ ರೀತಿಗೇ ನಡೆಯಬೇಕು ಎಂದು ಕಡೆಗೆ ತೀರ್ಮಾನ ಮಾಡಿಕೊಂಡಿದ್ದೆವು. ಹಾಗಾಗಿ ತೂಗುಮಂಚದ ಸರಪಳಿ ಕತ್ತರಿಸಿದ್ದು ಯಾರೆಂದು ಕಂಡುಹಿಡಿಯಲು ನಮ್ಮ ಜಯತೀರ್ಥನಿಗೆ ಒಂದು ಇಡೀ ಮಳೆಗಾಲ ಹಿಡಿಯಿತು.

ಇಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಅಪ್ಪ ಬಂದದ್ದು. ನನಗೆ ಬುದ್ಧಿ ಬರುವ ಮೊದಲೇ ಅವನು ದೂರದ ಯಾವುದೋ ಬಂದರಿಗೆ ಹಡಗು ರಿಪೇರಿ ಕೆಲಸಕ್ಕೆ ಹೋದನೆಂದೂ, ಅಲ್ಲಿ ರಜೆ ಕೊಡುವುದಿಲ್ಲವೆಂದೂ ಅಮ್ಮ ಹೇಳಿಕೊಂಡು ಬಂದಿದ್ದಳು. ಮನೆಯಲ್ಲಿದ್ದುದು ಒಂದು ಮದುವೆಯ ಫೋಟೊ. ಅದರಲ್ಲಿ ದಪ್ಪ ಮೀಸೆಯ, ತುಂಬು ಕೆನ್ನೆಯ ತಿಪ್ಪೇಶಿ ಎಂಬ ಯುವಕ ಎದೆಯುಬ್ಬಿಸಿ ನಿಂತಿದ್ದ. ಬಾಗಿಲಲ್ಲಿ ಬಂದು ನಿಂತವನು ಸಣಕಲು ಮನುಷ್ಯ, ಮೀಸೆಯಿಲ್ಲ, ಕೈಯಲ್ಲೊಂದು ಬಟ್ಟೆಯ ಚೀಲ. ಅಮ್ಮ ಊರಿನ ಖಾನಾವಳಿಗಳಿಗೆ ರೊಟ್ಟಿ ತಟ್ಟಿ ಕೊಡುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎದ್ದು ಬಂದು ನೋಡಿದಳು. “ಬಂದ್ಯಾ? ಕೈಕಾಲು ತೊಳ್ಕೊ,” ಎಂದಳು. ಮತ್ತೆ ಒಲೆಯ ಮುಂದೆ ಹೋಗಿ ಕೂತಳು.

ಅವಳು ಅಳಲಿಲ್ಲ. ಅದೇ ನನ್ನ ಮೊದಲ ಅನುಮಾನ. ತೂಗುಮಂಚದ ಮನೆಯಲ್ಲಿ ದೊಡ್ಡ ಮಗ ವರ್ಷಗಳ ಮೇಲೆ ಮನೆಗೆ ಬಂದಾಗ ಅವನ ಹೆಂಡತಿ ಆರತಿ ತಟ್ಟೆ ಕೈಜಾರಿ ಬೀಳುವಷ್ಟು ಅತ್ತಿದ್ದಳು, ಆ ತಟ್ಟೆ ಬೀಳುವುದನ್ನು ಮೂರು ಕಡೆಯಿಂದ ತೋರಿಸಿದ್ದರು. ಅಷ್ಟೆಲ್ಲ ಆದಮೇಲೆ ಬಂದವನು ದೊಡ್ಡ ಮಗನೇ ಅಲ್ಲ, ಅವನ ವೇಷದಲ್ಲಿ ಬಂದ ಬೇರೊಬ್ಬ ಎಂದು ಗೊತ್ತಾಯಿತು. ಮಗನಿಗೆ ಹಾಗಲಕಾಯಿ ಕಂಡರಾಗದು, ಇವನು ಕೇಳಿ ಹಾಕಿಸಿಕೊಂಡು ತಿಂದ. ಅಲ್ಲಿ ಅಳುವವರಿದ್ದೂ ಹಾಗಾಯಿತು, ಅಳುವವರೇ ಇಲ್ಲದ ನಮ್ಮ ಮನೆಯಲ್ಲಿ ಇನ್ನೇನಾಗಬಹುದೋ ಎಂದು ನನಗೆ ದಿಗಿಲಾಯಿತು.

ಫರ್ಜಾನಳಿಗೆ ಹೇಳಿದೆ. ಅವಳು ನಡು ರಸ್ತೆಯಲ್ಲಿ ನಿಂತುಬಿಟ್ಟಳು.

“ಮಚ್ಚೆ ಐತಾ ನೋಡು.”

“ಯಾವ ಮಚ್ಚೆ?”

“ಯಾವುದೋ ಒಂದು. ನಿಜವಾದ ಅಪ್ಪಂದಿರಿಗೆ ಇದ್ದೇ ಇರುತ್ತೆ. ನಿಮ್ಮಮ್ಮನ್ನ ಕೇಳು.”

“ಕೇಳಿದ್ರೆ ಲಟ್ಟಣಿಗೆ ತಗೊಂಡು ಬರ್ತಾಳೆ.”

ಮಚ್ಚೆಯ ದಾರಿ ಮುಚ್ಚಿದ್ದರಿಂದ ನಾನು ಪ್ರಶ್ನೆಗಳಿಗೆ ಇಳಿದೆ. ಊಟಕ್ಕೆ ಕೂತಾಗ, ಸಮುದ್ರದ ನೀರು ಯಾವ ಬಣ್ಣ ಎಂದು ಕೇಳಿದೆ. “ನೀರಿನ ಬಣ್ಣವೇ,” ಎಂದ. ಹಡಗಿಗೆ ಎಷ್ಟು ಅಂತಸ್ತು ಎಂದರೆ, “ಒಂದೊಂದಕ್ಕೆ ಒಂದೊಂದು ಥರ,” ಎಂದ. ಅಮ್ಮ ನನ್ನ ತಟ್ಟೆಗೆ ಕೇಳದಿದ್ದರೂ ಒಂದು ರೊಟ್ಟಿ ಹಾಕಿ, “ತಿಂದು ಏಳು,” ಎಂದಳು. ಅಮ್ಮ ನನ್ನ ಕಣ್ಣು ತಪ್ಪಿಸಿದ್ದನ್ನು ನಾನು ಗಮನಿಸಿದೆ. ಇಬ್ಬರೂ ಸೇರಿಕೊಂಡಿದ್ದಾರೆ ಎನಿಸಿತು.

ಎರಡನೆಯ ಅನುಮಾನ ನನಗೆ ಖುಷಿಯ ವೇಷದಲ್ಲಿ ಬಂತು. ಒಂದು ಮಧ್ಯಾಹ್ನ ನಾನು ತೂಗುಮಂಚದ ಮನೆ ನೋಡುತ್ತಿದ್ದೆ, ಅವನು ಬಂದು ನೆಲದ ಮೇಲೆ ಕಾಲು ಮಡಿಸಿ ಕೂತ. ಭಾಗೀರಥಮ್ಮ ಬೀಗದ ಕೈ ಗೊಂಚಲನ್ನು ಬಲಗಡೆ ಸೊಂಟಕ್ಕೆ ಸಿಗಿಸಿಕೊಂಡಳು. ಅವನು ತನ್ನಷ್ಟಕ್ಕೇ, “ಉಗ್ರಾಣಕ್ಕೆ ಬೆಂಕಿ ಬೀಳೋಕ್ಕೆ ಮುಂಚೆ ಎಡಗಡೆ ಸಿಗಿಸ್ತಿದ್ಲು. ಕೈ ಸುಟ್ಟಮೇಲೆ ಈ ಕಡೆ ಬಂತು,” ಎಂದ. ನನ್ನ ಮೈ ಜುಮ್ಮೆಂದಿತು. ಈ ವಿಷಯ ಫರ್ಜಾನಳಿಗೂ ಹೊಳೆದಿರಲಿಲ್ಲ. ಮೂರನೆಯ ಸೊಸೆ ಯಾಕೆ ಮೂಗುತಿ ತೆಗೆದಳು, ತೋಟದ ಬಾವಿಗೆ ಯಾವಾಗ ಕಲ್ಲು ಚಪ್ಪಡಿ ಬಂತು, ಎಲ್ಲ ಅವನಿಗೆ ಗೊತ್ತಿತ್ತು. ಧಾರಾವಾಹಿಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ದೊಡ್ಡವರನ್ನು ನಾನು ನೋಡಿಯೇ ಇರಲಿಲ್ಲ. ಅಂದು ನಾವಿಬ್ಬರೂ ಸಂಜೆಯವರೆಗೆ ಮಾತಾಡಿದೆವು.

ರಾತ್ರಿ ಊಟದ ಹೊತ್ತಿಗೆ ಖುಷಿ ಇಳಿದು ಬುದ್ಧಿ ಏರಿತು. ರಜೆಯೇ ಕೊಡದ ಕೆಲಸ, ಮಟಮಟ ಮಧ್ಯಾಹ್ನ, ವರ್ಷಗಟ್ಟಲೆ ಒಂದು ಕಂತೂ ಬಿಡದೆ ನೋಡಿದ್ದಾನೆ!

“ಹಡಗಲ್ಲಿ ಟೀವಿ ಇತ್ತಾ?”

“ಹ್ಞೂಂ. ಗೋಡೆ ಮೇಲೆ ಎತ್ತರಕ್ಕೆ ಇಟ್ಟಿದ್ರು. ಎಲ್ರೂ ನೆಲದ ಮೇಲೆ ಕೂತು ನೋಡೋದು.”

“ಕೆಲಸದ ಹೊತ್ತಲ್ಲಿ ಬಿಡ್ತಿದ್ರಾ?”

ಅವನು ಅಮ್ಮನ ಮುಖ ನೋಡಿದ. ಅಮ್ಮ ನೀರು ತರಲು ಎದ್ದು ಹೋದಳು.

ಈಗ ನೆನೆದರೆ ನನ್ನ ಸಂಕಟ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆ ಮನುಷ್ಯ ನನಗೆ ಹಿಡಿಸಿಬಿಟ್ಟಿದ್ದ. ನನಗೆ ಅಪ್ಪ ಬೇಕಾಗಿದ್ದ. ಸುಳ್ಳು ಅಪ್ಪ ಬೇಡವಾಗಿದ್ದ. ಅವನು ನಿಜವೆಂದು ಒಪ್ಪಿಕೊಂಡು, ಮೇಲಿಂದ ಅವನನ್ನು ಪ್ರೀತಿಸಿ, ಒಂದು ದಿನ ನಿಜವಾದವನು ಬಾಗಿಲಲ್ಲಿ ಬಂದು ನಿಂತರೆ ನಾನೇನು ಮಾಡಲಿ? ಹಾಗಾಗುವ ಮೊದಲೇ ಇವನನ್ನು ಹಿಡಿಯಬೇಕು, ಹಿಡಿದು ಮನೆಯಿಂದ ಕಳಿಸಬೇಕು ಎಂದು ಹಟ ಹುಟ್ಟಿತು.

ಭಾನುವಾರದ ಸಂಜೆಗಳು ಆ ಹಟಕ್ಕೆ ತುಪ್ಪ ಸುರಿದವು. ಅಮ್ಮ ರೊಟ್ಟಿಯ ಬುಟ್ಟಿ ಹೊತ್ತು ಖಾನಾವಳಿಗಳ ಕಡೆ ಹೋಗುತ್ತಿದ್ದುದರಿಂದ ಮನೆಯಲ್ಲಿ ನಾವಿಬ್ಬರೇ. ಬೆರಳಚ್ಚು ಐದೂವರೆಗೆ ಶುರುವಾಗಿ ಆರೂವರೆಗೆ ಮುಗಿಯುತ್ತಿತ್ತು. ನಡುವೆ, ಆರರ ಸುಮಾರಿಗೆ, ಆ ಸೋಪಿನ ಜಾಹೀರಾತು. ಅಲ್ಲಿಯವರೆಗೆ ಕಣ್ಣು ಮಿಟುಕಿಸದೆ ನೋಡುತ್ತಿದ್ದವನು ಟವೆಲ್ ಮಡಚಿ, ಕೈ ಹಿಂದೆ ಕಟ್ಟಿ, ಕತ್ತು ತಗ್ಗಿಸಿ ಎದ್ದುಬಿಡುತ್ತಿದ್ದ. ಹಿಂದಿನ ಕೋಣೆಯಲ್ಲಿ ಅವನು ಯಾರಿಗೋ ಸನ್ನೆ ಮಾಡುತ್ತಾನೆ, ಇಲ್ಲವೆ ಏನನ್ನೋ ಬಚ್ಚಿಡುತ್ತಾನೆ ಎಂದು ನಾನೊಮ್ಮೆ ಬಾಗಿಲ ಸಂದಿಯಿಂದ ಇಣುಕಿದೆ. ಅವನು ಜೋಳದ ಚೀಲಗಳ ನಡುವೆ, ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಗೋಡೆ ನೋಡುತ್ತ ಕೂತಿದ್ದ. ಏನೂ ಮಾಡುತ್ತಿರಲಿಲ್ಲ. ಏನಾದರೂ ಮಾಡುತ್ತಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಫರ್ಜಾನ ಒಂದು ಉಪಾಯ ಹೇಳಿಕೊಟ್ಟಳು. “ನೇರವಾಗಿ ಕೇಳಿದ್ರೆ ಕಳ್ಳರು ಎಚ್ಚರ ಆಗ್ತಾರೆ. ಚಿತ್ರಾನ್ನ ಬಡಿಸು. ಹೊಟ್ಟೆ ತುಂಬಿದಾಗ ಬಾಯಿ ಬಿಡ್ತಾನೆ.”

ಬಡಿಸಿದೆ. ಜಯತೀರ್ಥ ತೂಗುಮಂಚದ ಮನೆಗೆ ಬಂದ ನಮ್ಮ ಕತೆಯನ್ನು ಮೊದಲಿನಿಂದ ಹೇಳಿದೆ. ಅವನು ಕಣ್ಣರಳಿಸಿ ಕೇಳಿದ. ಸೊಸೆಯಂದಿರು ಪತ್ತೇದಾರನಿಗೆ ಸುಳ್ಳು ಸಾಕ್ಷಿ ಹೇಳುವಾಗ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕ. “ಭಾಗೀರಥಮ್ಮ ಅವನಿಗೆ ಮಣೆ ಹಾಕಲ್ಲ ಕಣಮ್ಮ, ನಿಲ್ಲಿಸೇ ಮಾತಾಡಿಸ್ತಾಳೆ,” ಎಂದು ತಿದ್ದಿದ. ಅವಳ ಗುಣಕ್ಕೆ ಅದೇ ಸರಿ, ನಾನು ಒಪ್ಪಿಕೊಂಡೆ. ಕತೆ ಕೊನೆಗೆ ಬಂತು.

“ಈಗ ಎಲ್ರೂ ಹಜಾರದಲ್ಲಿ ನಿಂತಿದ್ದಾರೆ. ಜಯತೀರ್ಥ ಜೇಬಿಂದ ಕೊನೇ ಕಡಲೆಕಾಯಿ ತೆಗೆದ. ಯಾರಿಗೆ ಕೊಡ್ತಾನೆ, ಹೇಳಿ?”

“ಕೊಡೋದ್ಯಾಕೆ?” ಎಂದ. “ಅವನೇ ತಿಂದ್ಕೊಳ್ಳಲ್ವಾ?”

ನಾನು ಅವನ ಮುಖ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ. ಜಯತೀರ್ಥ ಕಾಯಿಯನ್ನು ಹೆಬ್ಬೆರಳಲ್ಲಿ ಒಡೆಯುತ್ತಾನೆ, ಸಿಪ್ಪೆಯನ್ನು ಎಡ ಜೇಬಿಗೇ ಹಾಕಿಕೊಳ್ಳುತ್ತಾನೆ ಎಂಬುದನ್ನೆಲ್ಲ ಬಲ್ಲವನಿಗೆ ಕೊನೆಯ ಕಾಯಿಯ ವಿಷಯವೇ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದ ಎಳೆ ಮಕ್ಕಳೂ ಊರಲ್ಲಿರಲಿಲ್ಲ. ವರ್ಷಗಟ್ಟಲೆ ನೋಡಿಯೂ ಅವನು ಒಂದೇ ಒಂದು ಕತೆಯ ಕೊನೆಯನ್ನೂ ನೋಡಿರಲಿಲ್ಲ.

“ಮುಗೀತು,” ಎಂದಳು ಫರ್ಜಾನ ಮರುದಿನ. “ಯಾರೋ ಅವನಿಗೆ ಪಾಠ ಹೇಳಿ ಕಳಿಸಿದ್ದಾರೆ. ಪೂರ್ತಿ ಹೇಳಿಕೊಡೋಕ್ಕೆ ಮರೆತಿದ್ದಾರೆ. ನಿಮ್ಮಮ್ಮನ ಮುಂದೆ ನಿಲ್ಲಿಸಿ ಕೇಳು.” ಅವಳ ಲೆಕ್ಕ ಸರಿಯೆಂದೇ ನನಗೂ ತೋರಿತು. ಆದರೆ ಅಮ್ಮನ ಮುಂದೆ ಬೇಡ ಎಂದುಕೊಂಡೆ. ಅಮ್ಮ ಇದರಲ್ಲಿ ಸೇರಿದ್ದರೆ, ಇಲ್ಲವೆ ತಾನೇ ಮೋಸಹೋಗಿದ್ದರೆ, ಅದು ನನ್ನೆದುರೇ ಬಯಲಾಗುವುದು ನನಗೆ ಬೇಡವಾಗಿತ್ತು.

ಮುಂದಿನ ಭಾನುವಾರ ಸೋಪಿನ ಜಾಹೀರಾತು ಬಂದಾಗ ಅವನಿಗಿಂತ ಮೊದಲು ನಾನೆದ್ದೆ. ಟೀವಿ ಆರಿಸಿ, ಹಿಂದಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. ಅವನು ಕೈ ಹಿಂದೆ ಕಟ್ಟಿಕೊಂಡು ನನ್ನ ಮುಂದೆ ಬಂದು ನಿಂತ. ದಾರಿ ಬಿಡು ಎನ್ನಲಿಲ್ಲ. ನಾನು ಹೇಳುವವರೆಗೆ ನಿಲ್ಲುವವನ ಹಾಗೆ ನಿಂತಿದ್ದ. ಮಗಳ ಮುಂದೆ ಅಪ್ಪ ಹಾಗೆ ನಿಲ್ಲುವುದಿಲ್ಲ ಎಂದು ನನಗೆ ಸಿಟ್ಟೇ ಬಂತು.

“ಕೂತ್ಕೊಳ್ಳಿ. ಬೆರಳಚ್ಚಿನ ಬಾವಿ ಕತೇಲಿ ಕೊಲೆ ಮಾಡಿದ್ದು ಯಾರು?”

ಅವನು ಕೂತ. ಸ್ವಲ್ಪ ಹೊತ್ತು ಯೋಚಿಸಿ, “ಭಾಗೀರಥಮ್ಮ,” ಎಂದ.

“ಏನು?”

“ಬಾವಿ ಕತೇಲಿ ಭಾಗೀರಥಮ್ಮ. ರೈಲಿನ ಕತೇಲಿ ಅವಳ ಎರಡನೇ ಸೊಸೆ. ಗಡಿಯಾರದಂಗಡಿ ಕತೇಲಿ ಮೊದಲು ಆ ದೊಡ್ಡ ಮಗ ಅಂತ ಇಟ್ಕೊಂಡಿದ್ವಿ, ಆಮೇಲೆ ಪಾಪ ಅನ್ನಿಸಿ ಬಿಟ್ವಿ.”

ಬೆರಳಚ್ಚಿನ ಕೊಲೆಗಳನ್ನೆಲ್ಲ ಇವನು ತೂಗುಮಂಚದ ಮನೆಯವರ ತಲೆಗೆ ಕಟ್ಟಿದ್ದ! ನಮ್ಮ ಬೀದಿಯಲ್ಲಿ ನಾವಿಬ್ಬರೇ ಕಂಡುಹಿಡಿದಿದ್ದೆವೆಂದುಕೊಂಡ ಆಟವನ್ನು ಇನ್ಯಾರೋ, ಇನ್ನೆಲ್ಲೋ, ನಮಗಿಂತ ಮೊದಲೇ ಆಡಿದ್ದರು. ಒಂದು ಕ್ಷಣ ನಾನು ವಿಚಾರಣೆಯನ್ನೇ ಮರೆತೆ.

“ನೀವೂ ಚಿತ್ರಾನ್ನ ಮಾಡ್ತಿದ್ರಾ?”

“ಇನ್ನೇನು ಮಾಡೋದು. ಅರ್ಧ ನೋಡಿ ಮಲಗಿದ್ರೆ ನಿದ್ದೆ ಬರುತ್ತಾ? ಮಧ್ಯಾಹ್ನದ ಕತೆ ಪೂರ್ತಿ ಸಿಕ್ತಿತ್ತು, ಸಂಜೇದು ಅರ್ಧ. ಇಲ್ಲದಿರೋ ಅರ್ಧಕ್ಕೆ ಮಧ್ಯಾಹ್ನದೋರನ್ನೇ ಕರ್ಕೊಂಡು ಬರ್ತಿದ್ವಿ. ಒಬ್ಬೊಬ್ಬರು ಒಂದೊಂದು ಥರ ಮುಗಿಸೋರು. ಒಂದೇ ಕಟ್ಟುಪಾಡು. ಅಡುಗೆಯೋನು, ಮಾಲಿ, ಡ್ರೈವರು, ಇವರಲ್ಲಿ ಯಾರೂ ಅಪರಾಧಿ ಆಗಂಗಿಲ್ಲ. ಮೂರು ಥರದೋರೂ ನಮ್ಮಲ್ಲೇ ಇದ್ರು, ಬೇಜಾರು ಮಾಡ್ಕೊಳ್ಳೋರು.” ಅವನು ನಕ್ಕ. “ಬೀಗ ಹಾಕಿದ ಮೇಲೆ ಅದೇ ನಮಗೆ ಹೊತ್ತು ಹೋಗೋದು.”

ಅವನ ನಗು ಅಲ್ಲಿಗೇ ನಿಂತಿತು. ನಾನು ಆ ಮಾತನ್ನು ಹಿಡಿದುಕೊಂಡೆ. ಗೋಡೆಯ ಮೇಲೆ ಎತ್ತರದಲ್ಲಿಟ್ಟ ಟೀವಿ. ನೆಲದ ಮೇಲೆ ಕೂತು ನೋಡುವ ಗಂಡಸರು. ಆರು ಹೊಡೆಯುತ್ತಲೇ ಎದ್ದು, ಕೈ ಹಿಂದೆ ಕಟ್ಟಿ, ಕತ್ತು ತಗ್ಗಿಸಿ ಸಾಲಿನಲ್ಲಿ ಒಳಗೆ ಹೋಗುವುದು.

“ಯಾರು ಹಾಕ್ತಿದ್ರು ಬೀಗ?” ಎಂದು ಕೇಳಿದೆ. ಉತ್ತರ ನನಗಾಗಲೇ ಗೊತ್ತಿತ್ತು.

ಅವನು ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

“ನೀನು ಆಗ ತೊಟ್ಟಿಲಲ್ಲಿದ್ದೆ,” ಎಂದ. “ಜೋಳದ ಮಂಡಿ ಮುಂದೆ ಲಾರಿ ಸಾಲು ನಿಂತಿತ್ತು. ಯಾರ ಲಾರಿ ಮೊದಲು ತುಂಬಬೇಕು ಅನ್ನೋ ಮಾತಿಗೆ ಜಗಳ. ಅವನು ತಳ್ಳಿದ, ನಾನು ಹೊಡೆದೆ. ಒಂದೇ ಏಟು. ಬಿದ್ದೋನು ಏಳಲಿಲ್ಲ. ನಂದರಲ್ಲಿ ಪತ್ತೇದಾರ ಬೇಕಾಗಿರಲಿಲ್ಲ ಕಣಮ್ಮ, ಮಂಡಿ ತುಂಬ ಜನ ನೋಡಿದ್ರು.”

“ಅವನಿಗೆ ಮಕ್ಕಳಿದ್ರಾ?”

“ಇದ್ರು.”

ಆಗ ನನಗಾದದ್ದನ್ನು ಇದ್ದಹಾಗೆ ಹೇಳುತ್ತೇನೆ. ಮೊದಲು ಆದದ್ದು ಸಮಾಧಾನ. ವೇಷ ಹಾಕಿ ಬಂದವನು ಇಂಥದ್ದನ್ನು ತನ್ನದೆಂದು ಹೇಳಿಕೊಳ್ಳುವುದಿಲ್ಲ. ಇವನು ನನ್ನ ಅಪ್ಪನೇ. ಅದರ ಬೆನ್ನಿಗೇ ದಿಗಿಲು. ಸುಳ್ಳು ಅಪ್ಪನಾಗಿದ್ದರೆ ಕೂಗಿ ಬೀದಿ ಸೇರಿಸಿ ಓಡಿಸಬಹುದಿತ್ತು. ನಿಜವಾದವನೇ ಹೀಗಿದ್ದರೆ ಏನು ಮಾಡಬೇಕೆಂದು ಯಾವ ಧಾರಾವಾಹಿಯೂ ನನಗೆ ಹೇಳಿಕೊಟ್ಟಿರಲಿಲ್ಲ. ಹಡಗು, ಬಂದರು ಎಂದು ಇಷ್ಟು ವರ್ಷ ನನ್ನನ್ನು ನಂಬಿಸಿದ ಅಮ್ಮನ ಮೇಲೆ ಕೆಟ್ಟ ಕೋಪ ಬಂತು. ಎಲ್ಲೋ ಒಂದು ಮನೆಯಲ್ಲಿ, ಅಪ್ಪ ಬರುವುದೇ ಇಲ್ಲವೆಂದು ಗೊತ್ತಿರುವ ಮಕ್ಕಳು ಇದೇ ಹೊತ್ತಿಗೆ ಇದೇ ಬೆರಳಚ್ಚು ನೋಡುತ್ತಿರಬಹುದು ಎನಿಸಿತು.

“ನಿಮ್ಮಮ್ಮ ಹೇಳೋದು ಬೇಡ ಅಂದಿದ್ಲು,” ಎಂದ ಅಪ್ಪ. “ಅವಳು ಇರು ಅಂದಿದ್ದಾಳೆ. ನಿನ್ನನ್ನ ಯಾರೂ ಕೇಳಿರಲಿಲ್ಲ. ಈಗ ಕೇಳ್ತಿದ್ದೀನಿ. ನಿಂಗೆ ಬೇಡ ಅನ್ನಿಸಿದ್ರೆ ಹೇಳು, ನಾನು ಬೇರೆ ಕಡೆ ಕೆಲಸ ನೋಡ್ಕೊಂಡು ಹೋಗ್ತೀನಿ. ಬೇಜಾರಿಲ್ಲ.”

ಹೊರಗೆ ಪಕ್ಕದ ಮನೆಯ ಟೀವಿಯಿಂದ ಬೆರಳಚ್ಚಿನ ಮುಕ್ತಾಯದ ಸಂಗೀತ ಕೇಳಿಸಿತು. ಅವನು ಅತ್ತ ಕಿವಿಗೊಟ್ಟ. ಹಿಂದಿನ ಕೋಣೆಯ ಆಚೆ ಕೂತು ಅದನ್ನು ಅವನು ಕೇಳುತ್ತಿದ್ದುದು ಬಹುಶಃ ಅದೇ ಮೊದಲು.

“ಒಂದು ಕೇಳ್ಲಾ?” ಎಂದ. “ಸಿಕ್ಕಿಬಿದ್ದೋನು ಆಮೇಲೆ ಏನಾಗ್ತಾನೆ? ತೋರಿಸ್ತಾರಾ?”

“ಇಲ್ಲ. ಹೆಸರುಗಳು ಬರ್ತವೆ, ಅಷ್ಟೇ.”

“ನಾವೂ ಅದನ್ನ ಮಾತ್ರ ಯಾವತ್ತೂ ಕಟ್ಟಲಿಲ್ಲ. ಯಾರಿಗೂ ಧೈರ್ಯ ಬರಲಿಲ್ಲ.”

ಅವನು ನನ್ನಿಂದ ಕತೆ ಕೇಳುತ್ತಿದ್ದಾನೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಬಾಗಿಲಿನಿಂದ ಸರಿದು ಅವನೆದುರು ನೆಲದ ಮೇಲೆ ಕೂತೆ. ಕತೆ ಶುರುಮಾಡಿದೆ.

“ಶಿಕ್ಷೆ ಮುಗೀತು. ಹೊರಗೆ ಬಂದ. ಹೋಗೋಕ್ಕೆ ಬೇರೆ ಜಾಗ ಇಲ್ಲ, ತೂಗುಮಂಚದ ಮನೆಗೆ ಬಂದ.”

“ಭಾಗೀರಥಮ್ಮ ಬಾಗಿಲು ತೆಗೆಯಲ್ಲ.”

“ಅವಳು ಊರಲ್ಲಿಲ್ಲ. ಯಾವುದೋ ಮದುವೆಗೆ ಹೋಗಿದ್ದಾಳೆ.”

“ಮತ್ತೆ ಯಾರು ತೆಗೀತಾರೆ?”

“ಮಗಳು.”

ಅಪ್ಪ ತಲೆಯೆತ್ತಲಿಲ್ಲ. “ಒಳಗೆ ಬಾ ಅಂತಾಳಾ?”

ಭಾಗೀರಥಮ್ಮನ ಮನೆಯಲ್ಲಾದರೆ ಈ ಪ್ರಶ್ನೆಗೆ ಸೋಮವಾರದಿಂದ ಶುಕ್ರವಾರದವರೆಗೆ ಸಮಯ ಸಿಗುತ್ತಿತ್ತು. ಎಲ್ಲರ ಮುಖವನ್ನೂ ಒಂದಾದಮೇಲೊಂದು ತೋರಿಸುತ್ತಿದ್ದರು. ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ.

“ಅನ್ನಲ್ಲ,” ಎಂದೆ. “ಅವಳಿಗೆ ಕೋಪ ಇನ್ನೂ ಐತೆ. ಬಾಗಿಲು ತೆಗೆದಿಟ್ಟು, ಕಾಫಿಗೆ ನೀರಿಡೋಕ್ಕೆ ಒಳಗೆ ಹೋಗ್ತಾಳೆ.”

ಹಾಗೆಂದು ಎದ್ದು ಅಡುಗೆಮನೆಗೆ ಹೋದೆ. ಒಲೆ ಹಚ್ಚಲು ಎರಡು ಕಡ್ಡಿ ಹಾಳಾದವು. ನೀರು ಕುದಿಯಿತು, ಹಾಲು ಬೆರೆಸಿದೆ, ಸಕ್ಕರೆಯ ಡಬ್ಬಿ ತೆಗೆದೆ. ಚಮಚ ಹಿಡಿದ ಕೈ ಅಲ್ಲೇ ನಿಂತಿತು. ಅಮ್ಮನಿಗೆ ಎಷ್ಟು ಬೇಕು, ಫರ್ಜಾನಳಿಗೆ ಎಷ್ಟು ಬೇಕು, ಜಯತೀರ್ಥನಿಗೆ ಎಷ್ಟು ಬೇಕು ಎಂಬುದೆಲ್ಲ ನನಗೆ ಗೊತ್ತಿತ್ತು.

“ಸಕ್ಕರೆ ಎಷ್ಟು ಹಾಕ್ಲಿ ನಿಂಗೆ?” ಎಂದು ಒಳಗಿನಿಂದಲೇ ಕೂಗಿದೆ.

ಅಪ್ಪನ ದನಿ ಕೇಳಿಸಿತು. “ಗೊತ್ತಿಲ್ಲ ಕಣಮ್ಮ. ಕೊಟ್ಟಿದ್ದು ಕುಡಿದು ಅಭ್ಯಾಸ. ಒಂದು ಚಮಚ ಹಾಕಿ ತಾ, ನೋಡೋಣ.”

ಒಂದು ಚಮಚ ಹಾಕಿ, ಕಲಕಿ, ಲೋಟ ತಂದುಕೊಟ್ಟೆ. ಅವನು ಎರಡೂ ಕೈಯಲ್ಲಿ ಹಿಡಿದು ತುಟಿಗಿಟ್ಟುಕೊಂಡ. ಸಾಲದಿದ್ದರೆ ಇನ್ನೊಂದು ಚಮಚ ಹಾಕಲೆಂದು ನಾನು ಮುಚ್ಚಳ ತೆಗೆದ ಸಕ್ಕರೆ ಡಬ್ಬಿ ಹಿಡಿದುಕೊಂಡೇ ಅವನೆದುರು ನಿಂತಿದ್ದೆ.